ಉಡುಪಿಯ ಒಂದು ಮನೆ, ಎರಡು ಸ್ಟೇಷನ್ ವ್ಯಾಗನ್: ಒಂದು ಪ್ರಕರಣ ಅಧ್ಯಯನ

ಉಡುಪಿ ಮತ್ತು ಮಣಿಪಾಲದ ನಡುವೆ ಇರುವ ಒಂದು ಕುಟುಂಬ 2024ರಲ್ಲಿ ಕಾರು ಆರಿಸಿದ್ದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಹೆಸರು, ಊರಿನ ಗುರುತು, ಕಾರಿನ ಬಣ್ಣ ಮತ್ತು ನಂಬರು ಬಿಟ್ಟಿದ್ದೇನೆ. ಅಳತೆ, ಲೆಕ್ಕ ಮತ್ತು ನಿರ್ಧಾರಗಳು ಇದ್ದ ಹಾಗೇ ಇವೆ. ಹಳೆ ಕಾರು ಕೊಳ್ಳುವವರ ಪರವಾಗಿ ಗಾಡಿ ನೋಡಿ ಹೇಳುವುದು ನನ್ನ ಕೆಲಸ. ಹಾಗಾಗಿ ಮೊದಲಿನಿಂದ ಕೊನೆತನಕ ಇವರ ಜೊತೆಗಿದ್ದೆ.

ಹಿನ್ನೆಲೆ

ಮನೆಯಲ್ಲಿ ಐದು ಜನ. ಯಜಮಾನರು ಕೊಲ್ಲಿ ದೇಶದಲ್ಲಿ ದುಡಿದು ಊರಿಗೆ ಮರಳಿದವರು. ಹೆಂಡತಿ ವೈದ್ಯೆ, ಇಲ್ಲಿ ಡಾಕ್ಟ್ರಮ್ಮ ಅನ್ನುತ್ತೇನೆ. ಇಬ್ಬರು ಮಕ್ಕಳು, ಮತ್ತೆ ಮೊಣಕಾಲು ನೋವಿನ ಅಜ್ಜಿ. ಡಾಕ್ಟ್ರಮ್ಮನ ತವರು ತೀರ್ಥಹಳ್ಳಿ ಕಡೆ. ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತಿ ಹೋಗಬೇಕು. ಬೆಂಗಳೂರಿಗೂ ಆಗಾಗ ಹೋಗುವುದುಂಟು.

ಒಂದು ಹಳೆ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಬಿಟ್ಟರೆ ಮೊದಲು ಇವರ ಹತ್ತಿರ ಇದ್ದದ್ದು ಎತ್ತರದ ದೊಡ್ಡ ಎಸ್‌ಯುವಿ. ಆಗುಂಬೆಯ 14 ಹೇರ್‌ಪಿನ್ ತಿರುವು ಮುಗಿಯುವಷ್ಟರಲ್ಲಿ ಚಿಕ್ಕ ಮಗು ಪ್ರತಿ ಸಲ ವಾಂತಿ ಮಾಡುತ್ತಿತ್ತು. ಅಜ್ಜಿಯನ್ನು ಹತ್ತಿಸಲು ಮೆಟ್ಟಿಲ ಹಾಗೆ ಒಂದು ಸ್ಟೂಲ್ ಯಾವಾಗಲೂ ಡಿಕ್ಕಿಯಲ್ಲಿ ಇರಬೇಕಿತ್ತು. ಮಡಚುವ ಗಾಲಿಕುರ್ಚಿಯನ್ನು ಎದೆಮಟ್ಟಕ್ಕೆ ಎತ್ತಿ ಒಳಗೆ ಇಡಬೇಕಿತ್ತು.

ಸ್ಟೇಷನ್ ವ್ಯಾಗನ್, ಅಂದರೆ ಸೆಡಾನಿನ ಹಾಗೆ ತಗ್ಗಾಗಿದ್ದು ಚಾವಣಿ ಡಿಕ್ಕಿಯ ಕೊನೆತನಕ ಚಾಚಿದ ಕಾರು, ಬೇಕು ಅನ್ನುವ ಯೋಚನೆ ಇವರಿಗೆ ಬಂದದ್ದು ಸರಿಯಾದ ಕಾರಣಕ್ಕೇ. ಗಾಡಿಯ ಭಾರ ನೆಲಕ್ಕೆ ಹತ್ತಿರ ಇದ್ದಷ್ಟೂ ತಿರುವಿನಲ್ಲಿ ವಾಲುವುದು ಕಡಿಮೆ, ಒಳಗೆ ಕೂತವರ ತಲೆ ಅತ್ತಿತ್ತ ಆಡುವುದೂ ಕಡಿಮೆ. ಡಿಕ್ಕಿಯ ಅಂಚು ತೊಡೆಮಟ್ಟದಲ್ಲಿ ಇರುತ್ತದೆ, ಹಾಗಾಗಿ ಸಾಮಾನು ಎತ್ತುವ ಕಷ್ಟ ಇಲ್ಲ. ನಮ್ಮ ದೇಶದಲ್ಲಿ ಈ ಜಾತಿಯ ಕಾರು ಯಾವತ್ತೂ ಜಾಸ್ತಿ ಮಾರಾಟ ಆಗಲಿಲ್ಲ. 1992ರ ಟಾಟಾ ಎಸ್ಟೇಟ್, ಆಮೇಲೆ ಬಲೆನೋ ಆಲ್ಟೂರಾ, ಆಕ್ಟೇವಿಯಾ ಕಾಂಬಿ, 2004ರ ಇಂಡಿಗೋ ಮರೀನಾ, ಎಲ್ಲವೂ ಬಂದು ಹೋದವು. ನನಗೆ ಇದು ಬೇಸರದ ಸಂಗತಿ. ಘಾಟಿ ಹತ್ತಿಳಿಯುವ ಕರಾವಳಿಯ ಕುಟುಂಬಕ್ಕೆ ಇಷ್ಟು ಹೊಂದುವ ಆಕಾರ ಬೇರೆ ಇಲ್ಲ.

ಸಮಸ್ಯೆ

ಯಜಮಾನರಿಗೆ ವ್ಯಾಗನ್ ಅಂದರೆ ಒಂದೇ ಕಾರು: ಆಡಿ ಆರ್‌ಎಸ್6 ಅವಾಂಟ್. 2015ರಲ್ಲಿ ಭಾರತಕ್ಕೆ ಪೂರ್ತಿ ತಯಾರಾಗಿಯೇ ಆಮದಾಗಿ ಬಂತು, ಆಗಿನ ಶೋರೂಮ್ ಬೆಲೆ 1.35 ಕೋಟಿ. 4 ಲೀಟರಿನ ವಿ8 ಎಂಜಿನ್, ಎರಡು ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಪಂಪು), 560 ಅಶ್ವಶಕ್ತಿ, 700 ನ್ಯೂಟನ್ ಮೀಟರ್ ಟಾರ್ಕ್ (ಎಳೆತದ ಬಲ). ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ 3.9 ಸೆಕೆಂಡು. ಇಷ್ಟೆಲ್ಲ ಇದ್ದೂ ಡಿಕ್ಕಿ 565 ಲೀಟರು, ಸೀಟು ಮಡಚಿದರೆ 1,680. ಕುಟುಂಬಕ್ಕೂ ಆಯಿತು, ಮನಸ್ಸಿಗೂ ಆಯಿತು ಅನ್ನುವುದು ಅವರ ವಾದ. ಕೊಲ್ಲಿಯಲ್ಲಿ ಇದ್ದಾಗಿನಿಂದ ಆಸೆ ಇಟ್ಟುಕೊಂಡ ಕಾರು ಅದು. ಆ ಆಸೆಯನ್ನು ಹಗುರವಾಗಿ ನೋಡಬಾರದು ಅಂತ ನಾನು ಮೊದಲೇ ನಿರ್ಧರಿಸಿದ್ದೆ.

ಡಾಕ್ಟ್ರಮ್ಮನ ಪ್ರಶ್ನೆ ಬೇರೆ. "ಮಳೆಗಾಲದಲ್ಲಿ ಅಜ್ಜಿಯನ್ನು ಕೂರಿಸ್ಕೊಂಡು ನಾನೊಬ್ಬಳೇ ಈ ಕಾರು ಓಡಿಸ್ಲಿಕ್ಕೆ ಆಗ್ತದಾ?"

ಈ ಎರಡು ಮಾತಿಗೂ ಉತ್ತರ ಹುಡುಕುವುದೇ ನಮ್ಮ ಕೆಲಸ ಆಯಿತು.

ಹೊರಗಿನಿಂದ ತರುವ ದಾರಿ

ಮೊದಲು ಹೊರಗಿನಿಂದಲೇ ತರಿಸುವ ಮಾತು ಬಂತು. ಯಜಮಾನರ ಗೆಳೆಯರೊಬ್ಬರು ದುಬೈಯಿಂದ ತನ್ನ ಕಾರನ್ನೇ ಕಳಿಸುತ್ತೇನೆ ಅಂದರು. ಇದು ಆಗದ ಮಾತು. ಅಲ್ಲಿಯ ಕಾರಿಗೆ ಸ್ಟಿಯರಿಂಗ್ ಎಡಕ್ಕೆ ಇರುತ್ತದೆ, ಇಲ್ಲಿ ಆಮದಿಗೆ ಬಲಗಡೆ ಸ್ಟಿಯರಿಂಗ್ ಇರಲೇಬೇಕು. ಬಳಸಿದ ಕಾರಾದರೆ 3 ವರ್ಷಕ್ಕಿಂತ ಹಳೆಯದಾಗಿರಬಾರದು ಅನ್ನುವ ನಿಯಮವೂ ಉಂಟು.

ಹೊಸ ಕಾರಿನ ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸಿದೆ. ಬಂದರಿಗೆ ತಲುಪುವಾಗ 1 ಕೋಟಿ ಬೆಲೆಯ ಕಾರು ಅಂತ ಇಟ್ಟುಕೊಳ್ಳಿ. ಆಗ ಕಸ್ಟಮ್ಸ್ ಸುಂಕ, ಅದರ ಮೇಲಿನ ಸರ್‌ಚಾರ್ಜ್ ಸೇರಿ ಶೇ. 110. ಅಲ್ಲಿಗೆ 2.10 ಕೋಟಿ. ಆ ಮೊತ್ತದ ಮೇಲೆ ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇ. 48. ಅಲ್ಲಿಗೆ ಸುಮಾರು 3.11 ಕೋಟಿ. ಅದರ ಮೇಲೆ ಕರ್ನಾಟಕದ ಆಜೀವ ತೆರಿಗೆ, 20 ಲಕ್ಷ ದಾಟಿದ ಕಾರಿಗೆ ಶೇ. 18, ಜೊತೆಗೆ ಆ ತೆರಿಗೆಯ ಮೇಲೆ ಸೆಸ್. ಒಟ್ಟು 3.70 ಕೋಟಿಯ ಹತ್ತಿರ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರಿನ ಜಿಎಸ್‌ಟಿ ಶೇ. 40 ಆಗಿ ಸೆಸ್ ಹೋಗಿದೆ. ಈಗ ಇದೇ ಲೆಕ್ಕ ಹಾಕಿದರೆ ಸ್ವಲ್ಪ ಇಳಿಯುತ್ತದೆ, ಆದರೂ ಮೂರೂವರೆ ಕೋಟಿ. ಯಜಮಾನರು ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡರು. ಆ ಮಾತು ಅಲ್ಲಿಗೆ ಮುಗಿಯಿತು.

ಉಳಿದದ್ದು ಹಿಂದೆಯೇ ಆಮದಾಗಿ ಇಲ್ಲೇ ನೋಂದಣಿಯಾದ, ಬಳಸಿದ ಕಾರು. ಎರಡು ಆರ್‌ಎಸ್6 ಸಿಕ್ಕವು. ಒಂದರಲ್ಲಿ ಹಿಂದೆ ಎರಡೇ ಬಿಡಿ ಸೀಟು. ಐದು ಜನರ ಮನೆಗೆ ಅದು ಆಗುವುದಿಲ್ಲ. ಫೋಟೋದಲ್ಲಿ ಹಿಂದಿನ ಸೀಟು ಸರಿಯಾಗಿ ಕಾಣುವುದಿಲ್ಲ, ಹೋಗಿ ನೋಡುವ ಮುಂಚೆ ಕೇಳಿಬಿಡಿ. ಇನ್ನೊಂದರಲ್ಲಿ ಮೂವರು ಕೂರುವ ಸೀಟು ಇತ್ತು. ಅದು ಮಹಾರಾಷ್ಟ್ರದ ನಂಬರಿನ ಗಾಡಿ, ಇದ್ದದ್ದು ಬೆಂಗಳೂರಿನಲ್ಲಿ.

ಹೊರರಾಜ್ಯದ ನಂಬರಿನ ಗಾಡಿಗೆ ಎನ್‌ಒಸಿ (ಅಲ್ಲಿಯ ಆರ್‌ಟಿಒದ ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತಂದು ಇಲ್ಲಿಯ ಆರ್‌ಟಿಒದಲ್ಲಿ ಮರುನೋಂದಣಿ ಮಾಡಿಸಬೇಕು, ಇಲ್ಲಿಯ ಆಜೀವ ತೆರಿಗೆ ಕಟ್ಟಬೇಕು. ಗಾಡಿಯ ವಯಸ್ಸು ನೋಡಿ ತೆರಿಗೆ ಕಡಿಮೆ ಮಾಡುತ್ತಾರೆ ನಿಜ. ಆದರೆ ಲೆಕ್ಕ ಶುರುವಾಗುವುದು ಕಾರಿನ ಮೂಲ ಬೆಲೆಯಿಂದ. ನೀವು ಅರ್ಧಕ್ಕೂ ಕಡಿಮೆ ಬೆಲೆಗೆ ಕೊಂಡಿರಬಹುದು, ತೆರಿಗೆಗೆ ಮಾತ್ರ 1.35 ಕೋಟಿಯೇ ಆಧಾರ. ಹಾಗಾಗಿ ಲಕ್ಷಗಳಲ್ಲೇ ಕಟ್ಟಬೇಕಾಗುತ್ತದೆ. ಬೆಲೆ ಮಾತಾಡುವ ಮುಂಚೆಯೇ ಈ ಮೊತ್ತವನ್ನು ಸೇರಿಸಿಕೊಳ್ಳಬೇಕು.

ದಬ್ಬೆಯ ಪರೀಕ್ಷೆ

ಇಂಥ ಕಾರನ್ನು ಬೆಂಗಳೂರಿನ ಅಗಲ ರಸ್ತೆಯಲ್ಲಿ ಓಡಿಸಿ ನೋಡಿದರೆ ಎಲ್ಲರಿಗೂ ಇಷ್ಟವೇ ಆಗುತ್ತದೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಕಾರು ದಿನಾ ಇರಬೇಕಾದ್ದು ಮನೆಯಲ್ಲಿ. ಹಾಗಾಗಿ ಮೊದಲು ಮನೆಯ ದಾರಿ ಅಳೆಯೋಣ ಅಂದೆ.

ಇವರ ಮನೆಗೆ ಡಾಂಬರು ರಸ್ತೆಯಿಂದ ಕಡಿದಾದ ಕಾಂಕ್ರೀಟ್ ದಾರಿ ಇದೆ. ಏರು ಮುಗಿದು ಅಂಗಳದ ಇಂಟರ್‌ಲಾಕ್ ಶುರುವಾಗುವಲ್ಲಿ ಒಂದು ಚೂಪು ಉಬ್ಬು. ಬೆಂಗಳೂರಿನಲ್ಲಿ ಆರ್‌ಎಸ್6ನ ಅಡಿ ಅಳೆದಾಗ ನಡುವಿನ ಅತಿ ತಗ್ಗಿನ ಜಾಗ ನೆಲದಿಂದ 12 ಸೆಂ.ಮೀ. ಎತ್ತರದಲ್ಲಿತ್ತು. ಮುಂದಿನ ಮತ್ತು ಹಿಂದಿನ ಗಾಲಿಯ ನಡುವಿನ ದೂರ 2.9 ಮೀಟರು. ತೋಟದಿಂದ ಎರಡು ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಉದ್ದ ಪಟ್ಟಿ) ತರಿಸಿ, ಬಗ್ಗದ ಹಾಗೆ ಜೋಡಿಸಿ ಕಟ್ಟಿ, 2.9 ಮೀಟರಿಗೆ ಕತ್ತರಿಸಿದೆವು. ಎರಡೂ ತುದಿಗೆ 12 ಸೆಂ.ಮೀ. ಎತ್ತರದ ಮರದ ತುಂಡು ಮೊಳೆ ಹೊಡೆದು ಕೂರಿಸಿದೆವು. ಇದೇ ನಮ್ಮ ಕಾರು. ಇದನ್ನು ಏರಿನ ಮೇಲೆ ನಿಧಾನ ಎಳೆಯುತ್ತಾ ಹೋದರೆ, ಉಬ್ಬಿನ ಮೇಲೆ ದಬ್ಬೆಯ ನಡುಭಾಗ ನೆಲಕ್ಕೆ ತಾಗುತ್ತದಾ ಇಲ್ಲವಾ ಅಂತ ಕಣ್ಣಿಗೇ ಕಾಣುತ್ತದೆ.

ತಾಗಿತು. ಬರೇ ತಾಗಿದ್ದಲ್ಲ, ಮರದ ತುಂಡೊಂದು ಮೇಲೆದ್ದು ನಿಂತಿತು. ಮಕ್ಕಳಿಬ್ಬರೂ ನೆಲಕ್ಕೆ ಕೆನ್ನೆ ಆನಿಸಿ ಎಷ್ಟು ಸಂದು ಬಿಟ್ಟಿದೆ ಅಂತ ಹೇಳುತ್ತಿದ್ದರು.

ಲೆಕ್ಕದಲ್ಲೂ ಅದೇ ಬರುತ್ತದೆ. ಆರು ಅಡಿಗೆ ಒಂದು ಅಡಿ ಏರುವ ದಾರಿ ಸಮತಟ್ಟು ನೆಲಕ್ಕೆ ನೇರ ಸೇರುವಲ್ಲಿ, ಇಷ್ಟು ಉದ್ದದ ಕಾರಿಗೆ 12 ಸೆಂ.ಮೀ. ಅಲ್ಲಿಗಲ್ಲಿಗೆ ಮುಗಿಯುತ್ತದೆ. ಇವರ ಏರು ಅದಕ್ಕಿಂತ ಕಡಿದು. ಜನ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಕಾರಿನ ಅಡಿಯ ಎತ್ತರ, ಒಂದನ್ನೇ ಕೇಳುತ್ತಾರೆ. ಗಾಲಿಗಳ ನಡುವಿನ ದೂರವನ್ನೂ ಕೇಳಬೇಕು. ಅಷ್ಟೇ ಎತ್ತರದ ಗಿಡ್ಡ ಕಾರು ದಾಟುವ ಉಬ್ಬಿನಲ್ಲಿ ಉದ್ದದ ಕಾರು ಸಿಕ್ಕಿಹಾಕಿಕೊಳ್ಳುತ್ತದೆ. ವ್ಯಾಗನ್ ಕೊಳ್ಳುವವರು ಇದನ್ನು ಮರೆಯಬಾರದು.

ಆರ್‌ಎಸ್6ಗೆ ಏರ್ ಸಸ್ಪೆನ್ಷನ್ ಇತ್ತು, ಗುಂಡಿ ಒತ್ತಿದರೆ ಗಾಡಿ ಸ್ವಲ್ಪ ಮೇಲೇಳುತ್ತದೆ. ಅಷ್ಟಕ್ಕೂ ಈ ಉಬ್ಬು ದಾಟುವುದಿಲ್ಲ. ಗಾರೆ ಮೇಸ್ತ್ರಿಯನ್ನು ಕರೆಸಿ ಕೇಳಿದಾಗ, ಉಬ್ಬನ್ನು ಕಡಿದು ಇಳಿಜಾರನ್ನು ಅಂಗಳದ ಒಳಗಿನವರೆಗೆ ಹರಡಿದರೆ ಆಗುತ್ತದೆ ಅಂದರು. ಕಾರಿನ ಬೆಲೆಗೆ ಹೋಲಿಸಿದರೆ ಆ ಖರ್ಚು ಏನೂ ಅಲ್ಲ. ಮನೆಯ ಸಮಸ್ಯೆ ಹೀಗೆ ಬಗೆಹರಿಯುತ್ತಿತ್ತು. ತವರುಮನೆಯ ಮಣ್ಣಿನ ದಾರಿಗೆ ಮೇಸ್ತ್ರಿ ಇಲ್ಲ. ಅಲ್ಲಿ ಮಳೆಗಾಲದಲ್ಲಿ ಜೀಪು ಓಡಾಡಿದ ಗಾಲಿ ಜಾಡಿನ ನಡುವಿನ ದಿಬ್ಬ 12 ಸೆಂ.ಮೀ.ಗಿಂತ ಎತ್ತರ.

ಯಜಮಾನರು ಆಗಲೂ ಬಿಡಲಿಲ್ಲ. "ತವರಿಗೆ ಹೋಗುವಾಗ ಬೇರೆ ಕಾರು ತಗೊಂಡು ಹೋದರಾಯ್ತು" ಅಂದರು. ಡಾಕ್ಟ್ರಮ್ಮ ಕೇಳಿದರು, "ಘಾಟಿಯಲ್ಲಿ ಮಗು ವಾಂತಿ ಮಾಡ್ತದೆ ಅಂತ ಅಲ್ವಾ ಈ ಕಾರು ಹುಡುಕ್ಲಿಕ್ಕೆ ಶುರು ಮಾಡಿದ್ದು?"

ಅಜ್ಜಿ ಕೂತು ನೋಡಿದ್ದು

ಖರ್ಚು ಕೊಟ್ಟು ಆ ಕಾರನ್ನು ಉಡುಪಿಗೆ ತರಿಸಿಕೊಂಡೆವು. ಮಾಲೀಕರು ಒಳ್ಳೆಯವರು, ಒಪ್ಪಿದರು. ರಸ್ತೆ ಬದಿಯಲ್ಲೇ ನಿಲ್ಲಿಸಿ ಅಜ್ಜಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆವು. ಸ್ಪೋರ್ಟ್ಸ್ ಸೀಟಿನ ಎರಡೂ ಬದಿಯಲ್ಲಿ ಗಟ್ಟಿ ದಿಂಡು ಇರುತ್ತದೆ, ತಿರುವಿನಲ್ಲಿ ದೇಹ ಜಾರದ ಹಾಗೆ ಹಿಡಿಯಲಿಕ್ಕೆ. ಅಜ್ಜಿ ಆ ದಿಂಡಿನ ಮೇಲೆ ಮೊದಲು ಕೂತು, ಆಮೇಲೆ ಒಳಗೆ ಜಾರಿದರು. ಆರಾಮ ಉಂಟು ಅಂದರು. ಏಳುವಾಗ ಕಷ್ಟ ಆಯಿತು. ಒಂದು ಕೈ ಬಾಗಿಲಿಗೆ, ಇನ್ನೊಂದು ಕೈ ಮಗನ ಹೆಗಲಿಗೆ. ಮೊಣಕಾಲು ಸೊಂಟಕ್ಕಿಂತ ಮೇಲೆ ಇದ್ದಾಗ ದೇಹವನ್ನು ಎತ್ತಲು ತೊಡೆಗೆ ಬಲವೇ ಸಿಗುವುದಿಲ್ಲ.

"ಕೂರ್ಲಿಕ್ಕೆ ಆಗ್ತದೆ ಮಗಾ. ಏಳ್ಲಿಕ್ಕೆ ನೀನು ಬೇಕು" ಅಂದರು ಅಜ್ಜಿ.

ನಿರ್ಧಾರ ತಿರುಗಿದ್ದು ಇಲ್ಲೇ. ದಬ್ಬೆ ನೆಲಕ್ಕೆ ತಾಗಿದಾಗ ಯಜಮಾನರು ವಾದ ಮಾಡಿದ್ದರು, ತೆರಿಗೆಯ ಲೆಕ್ಕಕ್ಕೂ ಉತ್ತರ ಇತ್ತು. ಅಮ್ಮ ತನ್ನ ಹೆಗಲಿಗೆ ಕೈ ಹಾಕಿ ಏಳಲು ಮೂರು ಸಲ ನೋಡಿದಾಗ ಅವರು ಮಾತಾಡಲಿಲ್ಲ. ಡಾಕ್ಟ್ರಮ್ಮ ಮೊದಲ ದಿನ ಕೇಳಿದ ಪ್ರಶ್ನೆಗೂ ಅದೇ ಉತ್ತರ ಆಗಿತ್ತು.

ಮನೆಯೊಳಗೆ ಬಂದು ಬೇರೆ ಬೇರೆ ಎತ್ತರದ ಕುರ್ಚಿ, ಮಣೆ, ಸ್ಟೂಲ್ ಇಟ್ಟು ಅಜ್ಜಿಯನ್ನು ಕೂರಿಸಿ ನೋಡಿದೆವು. ಒಂದೂವರೆ ಅಡಿಗಿಂತ ತಗ್ಗಾದರೆ ತಾನಾಗಿ ಏಳಲಾಗದು, ಎರಡೂಕಾಲು ಅಡಿ ದಾಟಿದರೆ ಹತ್ತಲಾಗದು. ಈ ಎರಡರ ನಡುವೆ ಸೀಟಿನ ಎತ್ತರ ಇರುವ ವ್ಯಾಗನ್ ಬೇಕು. ಇಷ್ಟು ಸ್ಪಷ್ಟ ಬೇಡಿಕೆ ಕೈಯಲ್ಲಿದ್ದರೆ ಕಾರು ಹುಡುಕುವುದು ಎಷ್ಟೋ ಸುಲಭ.

ಆರ್‌ಎಸ್6ನ್ನು ಬಿಡುವ ಮುಂಚೆ ಇನ್ನೊಂದು ವಿಷಯವನ್ನೂ ನೋಡಿದ್ದೆವು. ಅದರ ಟೈರು 275/35 ಆರ್20. ಅಂದರೆ ಅಗಲ 275 ಮಿ.ಮೀ., ರಬ್ಬರಿನ ಗೋಡೆ ಅದರ ಶೇ. 35, ಸುಮಾರು 96 ಮಿ.ಮೀ. ರಸ್ತೆಯ ಗುಂಡಿಗೂ ರಿಮ್ಮಿಗೂ ನಡುವೆ ಇರುವುದು ಅಷ್ಟೇ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿ ಎಷ್ಟು ಆಳ ಅಂತ ಗೊತ್ತಾಗದ ನಮ್ಮ ರಸ್ತೆಗೆ ಇದು ಸಾಲದು. ಜೋರು ಮಳೆಗೆ ಮಂಗಳೂರಿನ ಕೊಟ್ಟಾರ ಚೌಕಿ, ಪಡೀಲು ಅಂಡರ್‌ಪಾಸ್‌ಗಳಲ್ಲಿ ನೀರು ನಿಲ್ಲುವುದು ಎಲ್ಲರಿಗೂ ಗೊತ್ತು. 2020ರ ಸೆಪ್ಟೆಂಬರಿನಲ್ಲಿ ಉಡುಪಿಯ ಕಲ್ಸಂಕದ ಸುತ್ತ ಮನೆಗಳಿಗೇ ನೀರು ನುಗ್ಗಿತ್ತು. ಎಂಜಿನ್ನಿಗೆ ನೀರು ಎಳೆದುಕೊಂಡರೆ ಸಾಧಾರಣ ವಿಮೆಯಲ್ಲಿ ದುಡ್ಡು ಬರುವುದಿಲ್ಲ, ಅದಕ್ಕೆ ಬೇರೆ ರಕ್ಷಣೆ ಸೇರಿಸಬೇಕು. ಹಳೆಯ ದುಬಾರಿ ಕಾರಿಗೆ ಅದನ್ನು ಕೊಡಲು ವಿಮೆಯವರು ಹಿಂದೆ ಮುಂದೆ ನೋಡುತ್ತಾರೆ.

ಇನ್ನು ಓಟ. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ 2018ರ ಕೇಂದ್ರ ಅಧಿಸೂಚನೆಯಂತೆ ಗರಿಷ್ಠ ವೇಗ 100 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಡಿವೈಡರ್ ಬಿಟ್ಟ ಜಾಗದಿಂದ ಸ್ಕೂಟರ್ ಯಾವಾಗ ನುಗ್ಗುತ್ತದೆ ಅಂತ ಹೇಳಲಾಗದು. ಯಜಮಾನರನ್ನು ಒಂದು ಮಾತು ಕೇಳಿದೆ: ನಿಮಗೆ ಬೇಕಾದ್ದು 250ರ ಓಟವಾ, ಇಲ್ಲ ಘಾಟಿಯಲ್ಲಿ ಬಸ್ಸನ್ನು ಹಿಂದೆ ಹಾಕುವಾಗ ಥಟ್ಟನೆ ಸಿಗುವ ಎಳೆತವಾ? ಬಹಳ ಹೊತ್ತು ಯೋಚಿಸಿ "ಎಳೆತ, ಮತ್ತೆ ನಾಲ್ಕೂ ಗಾಲಿಯ ಹಿಡಿತ" ಅಂದರು. ಪ್ರಾಮಾಣಿಕ ಉತ್ತರ ಅದು.

ಆರಿಸಿದ್ದು

ಹಾಗೆ ಬಂತು ವೋಲ್ವೊ ವಿ90 ಕ್ರಾಸ್ ಕಂಟ್ರಿ. ಇದೂ ಆಮದಾದ ವ್ಯಾಗನ್. 2017ರಲ್ಲಿ ಭಾರತಕ್ಕೆ ಬಂದಾಗ ಬೆಲೆ 60 ಲಕ್ಷ. 2 ಲೀಟರಿನ ಡೀಸೆಲ್ ಎಂಜಿನ್, 235 ಅಶ್ವಶಕ್ತಿ, 480 ನ್ಯೂಟನ್ ಮೀಟರ್, ನಾಲ್ಕೂ ಗಾಲಿಗೆ ಶಕ್ತಿ. ಟರ್ಬೊ ತಡಮಾಡದ ಹಾಗೆ ಒತ್ತಿಟ್ಟ ಗಾಳಿಯನ್ನು ಊದಿ ತಿರುಗಿಸುವ ವ್ಯವಸ್ಥೆ ಇದರಲ್ಲಿದೆ, ಘಾಟಿಯಲ್ಲಿ ತಗ್ಗಿನ ಗೇರಿನಿಂದ ಹೊರಡುವಾಗ ಅದರ ಉಪಯೋಗ ಗೊತ್ತಾಗುತ್ತದೆ. ಡಿಕ್ಕಿ 560 ಲೀಟರು, ಆರ್‌ಎಸ್6ಗಿಂತ 5 ಲೀಟರು ಮಾತ್ರ ಕಡಿಮೆ. ಗ್ರೌಂಡ್ ಕ್ಲಿಯರೆನ್ಸ್ 210 ಮಿ.ಮೀ. ಆರ್‌ಎಸ್6ನ ಓಟದ ಪಕ್ಕದಲ್ಲಿ ಇದು ನಿಲ್ಲುವುದಿಲ್ಲ, ಅದನ್ನು ಯಜಮಾನರಿಗೆ ಬಿಡಿಸಿಯೇ ಹೇಳಿದೆ.

ದಬ್ಬೆಯ ಮರದ ತುಂಡು ಬದಲಾಯಿಸಿ 21 ಸೆಂ.ಮೀ. ಮಾಡಿ ಎಳೆದೆವು. ಉಬ್ಬಿನ ಮೇಲೆ ಎರಡು ಬೆರಳು ಸಂದು ಉಳಿಯಿತು. ಅಜ್ಜಿಯನ್ನು ಕೂರಿಸಿ ನೋಡಿದೆವು, ಬಾಗಿಲು ಹಿಡಿದು ತಾನಾಗೇ ಎದ್ದರು. ಗಾಲಿಕುರ್ಚಿಯನ್ನು ಡಾಕ್ಟ್ರಮ್ಮ ಒಬ್ಬರೇ ಡಿಕ್ಕಿಗೆ ಇಟ್ಟರು. ಆಮೇಲೆ ಇಡೀ ಮನೆಯವರು ಕೂತು ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಹತ್ತಿದೆವು. ಮಗು ನಡುವೆ ಒಂದು ಸಲ ಹೊಟ್ಟೆ ತೊಳಸುತ್ತದೆ ಅಂದಿತು, ವಾಂತಿ ಮಾಡಲಿಲ್ಲ.

ಗಾಡಿ ಕರ್ನಾಟಕದ ನಂಬರಿನದೇ ಆಗಿದ್ದರಿಂದ ಮಾಲೀಕತ್ವ ಮತ್ತು ವಿಳಾಸ ಬದಲಾವಣೆ ಸಾಕಾಯಿತು, ಮತ್ತೆ ತೆರಿಗೆ ಇರಲಿಲ್ಲ. ಕೊಳ್ಳುವ ಮುಂಚೆ ಲಿಫ್ಟಿಗೆ ಹಾಕಿ ಅಡಿ ಪೂರ್ತಿ ನೋಡಿದೆ: ಬ್ರೇಕ್ ಪೈಪು, ಸಬ್‌ಫ್ರೇಮ್, ನಟ್ಟು ಬೋಲ್ಟು. ಬೆಂಗಳೂರಿನ ಗಾಡಿಗೆ ಅಡಿ ಒಣಗಿ ಚೆನ್ನಾಗಿರುತ್ತದೆ. ಇಲ್ಲಿಗೆ ಬಂದ ಮೇಲೆ ಮಲ್ಪೆ ಕಡೆಯ ಉಪ್ಪುಗಾಳಿ, ವರ್ಷಕ್ಕೆ ನಾಲ್ಕು ತಿಂಗಳ ಮಳೆ. ಹಾಗಾಗಿ ತಂದ ತಕ್ಷಣ ಅಡಿಗೆ ತುಕ್ಕುನಿರೋಧಕ ಹೊಡೆಸಿದೆವು.

ಆಮೇಲೆ ಆದದ್ದು

ಮಳೆಗಾಲ ಸುಸೂತ್ರವಾಗಿ ಕಳೆಯಿತು. ತೊಂದರೆ ಬಂದದ್ದು ನಾವು ಹೆಚ್ಚು ಗಮನ ಕೊಡದ ದಿನನಿತ್ಯದ ಓಟದಿಂದ. ಡಾಕ್ಟ್ರಮ್ಮ ಹೊಸ ಕಾರನ್ನು ಆಸ್ಪತ್ರೆಗೂ ಓಡಿಸತೊಡಗಿದರು, ನಾಲ್ಕೈದು ಕಿ.ಮೀ. ದಾರಿ. ಡೀಸೆಲ್ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಅನ್ನುವ ಜರಡಿ ಈ ಕಾರಿನಲ್ಲಿದೆ. ತುಂಬಿದ ಮಸಿ ಸುಟ್ಟುಹೋಗಲು ಎಂಜಿನ್ ಚೆನ್ನಾಗಿ ಬಿಸಿಯಾಗಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಸಣ್ಣ ಓಟದಲ್ಲಿ ಅದು ಆಗುವುದಿಲ್ಲ. ಕೆಲವು ತಿಂಗಳಲ್ಲಿ ಎಚ್ಚರಿಕೆಯ ದೀಪ ಹತ್ತಿತು. ಅದೇ ದಿನ ಕುಂದಾಪುರದವರೆಗೆ ಒಂದೇ ಹದದಲ್ಲಿ ಓಡಿಸಿ ಬಂದ ಮೇಲೆ ದೀಪ ಆರಿತು. ಹಾಗೆ ಮಾಡದೆ ಬಿಟ್ಟಿದ್ದರೆ ಜರಡಿ ಪೂರ್ತಿ ಕಟ್ಟಿಕೊಂಡು ದೊಡ್ಡ ಖರ್ಚು ಬರುತ್ತಿತ್ತು.

ಹೀಗಾಗಿ ಮಾರಬೇಕು ಅಂದುಕೊಂಡಿದ್ದ ಹಳೆ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಮನೆಯಲ್ಲೇ ಉಳಿಯಿತು. ಆಸ್ಪತ್ರೆಗೆ, ರಥಬೀದಿ ಕಡೆಗೆ, ತರಕಾರಿಗೆ ಅದು. ಐದು ಮೀಟರಿಗೆ ಹತ್ತಿರ ಉದ್ದದ ವ್ಯಾಗನ್ನಿಗೆ ಉಡುಪಿ ಪೇಟೆಯಲ್ಲಿ ನಿಲ್ಲಿಸುವ ಜಾಗ ಸಿಗುವುದೂ ಕಷ್ಟ. ಪೇಟೆಯಲ್ಲೇ ಹೆಚ್ಚು ಓಡುವ ಮನೆಯಾದರೆ ಡೀಸೆಲ್ ವ್ಯಾಗನ್ ಒಂದನ್ನೇ ನಂಬಬೇಡಿ ಅಂತ ಈಗ ಕೇಳಿದವರಿಗೆಲ್ಲ ಹೇಳುತ್ತೇನೆ.

ಇನ್ನೊಂದು ಚಿಂತೆ ಹಾಗೇ ಉಳಿದಿದೆ. ಈ ಮಾದರಿ ಭಾರತದಲ್ಲಿ ಈಗ ಮಾರಾಟಕ್ಕಿಲ್ಲ. ಇವರ ಕಾರಿನ ದೊಡ್ಡ ಕೆಲಸ ಎಲ್ಲ ಬೆಂಗಳೂರಿನಲ್ಲೇ. 2024ರ ಜುಲೈಯಲ್ಲಿ ಸಕಲೇಶಪುರದ ಹತ್ತಿರ ದೊಡ್ಡತಪ್ಪಲಿನಲ್ಲಿ ಗುಡ್ಡ ಕುಸಿದು ಬೆಂಗಳೂರಿಗೆ ಹೋಗುವ ಶಿರಾಡಿ ಘಾಟಿಯ ದಾರಿ ಬಂದ್ ಆದದ್ದು ನೆನಪಿದೆಯಲ್ಲ? ಅಂಥ ಹೊತ್ತಿನಲ್ಲಿ ಗಾಡಿ ಕೆಟ್ಟರೆ ಕಾಯುವುದೇ ದಾರಿ. ಅದಕ್ಕೆ ಮಳೆಗಾಲದ ಮೊದಲೇ, ಮೇ ತಿಂಗಳ ಒಳಗೆ ಸರ್ವಿಸ್ ಮುಗಿಸುವ ರೂಢಿ ಮಾಡಿಸಿದ್ದೇನೆ. ಬ್ರೇಕ್ ಪ್ಯಾಡು, ಫಿಲ್ಟರು, ವೈಪರ್ ಬ್ಲೇಡು, ಅದೇ ಅಳತೆಯ ಒಂದು ಟೈರು ಮನೆಯಲ್ಲೇ ಇವೆ. ಮುಂದಿನ ಗಾಜು ಒಡೆದರೆ ಎಷ್ಟು ದಿನ ಕಾಯಬೇಕು ಅಂತ ಬಿಡಿಭಾಗದವರನ್ನು ಕೇಳಿದಾಗ, ಆರ್ಡರ್ ಹಾಕಿದ ಮೇಲೆಯೇ ಹೇಳಲಾಗುವುದು ಅಂದರು. ಈ ಸಲದ ವಿಮೆಯಲ್ಲಿ ಗಾಜು ಮತ್ತು ಎಂಜಿನ್ ರಕ್ಷಣೆ ಎರಡನ್ನೂ ಸೇರಿಸಿದ್ದಾರೆ. ಯಜಮಾನರು ಹೆದ್ದಾರಿಯಲ್ಲಿ ಜಲ್ಲಿ ತುಂಬಿದ ಟಿಪ್ಪರ್ ಕಂಡರೆ ದೂರ ಬಿಟ್ಟೇ ಓಡಿಸುತ್ತಾರೆ.